ಅಪ್ಪನಿಗೂ ಅಣ್ಣನಿಗೂ ಸೋರಿಯಾಸಿಸ್ ಇದೆ, ನನ್ನ ಮಕ್ಕಳಿಗೂ ಬರುತ್ತದಾ?

ಪ್ರಶ್ನೆ: ನಮ್ಮದು ವಿರಾಜಪೇಟೆ ಹತ್ತಿರದ ಕಾಫಿ ತೋಟದ ಮನೆ. ಅಪ್ಪನಿಗೆ ಮೂವತ್ತು ದಾಟಿದಾಗಿನಿಂದ ಸೋರಿಯಾಸಿಸ್ ಎಂಬ ಚರ್ಮದ ಕಾಯಿಲೆ. ಅಣ್ಣನಿಗೆ 17ನೇ ವಯಸ್ಸಿನಲ್ಲಿ ಗಂಟಲು ನೋವು ಬಂದು ಹೋದ ಮೇಲೆ ಮೈತುಂಬ ಸಣ್ಣ ಕೆಂಪು ಚುಕ್ಕೆ ಎದ್ದವು, ಅದೂ ಸೋರಿಯಾಸಿಸ್ ಎಂದರು. ನನಗೆ 26, ಇವತ್ತಿನವರೆಗೆ ಏನೂ ಇಲ್ಲ. ಈಗ ಮದುವೆ ಮಾತು ನಡೆಯುತ್ತಿದೆ. ಹುಡುಗನಿಗೆ ಏನೂ ಇಲ್ಲ, ಆದರೆ ಅವನ ತಾಯಿಗೆ ಮೊಣಕೈ ಮೇಲೆ ಇದೇ ಕಲೆ ಇದೆಯಂತೆ. ನಮ್ಮ ದೊಡ್ಡಮ್ಮ 'ಇದು ನಮ್ಮ ಒಕ್ಕದ (ಮನೆತನದ) ರಕ್ತದಲ್ಲೇ ಇದೆ' ಎನ್ನುತ್ತಾರೆ. ನಮ್ಮ ಮಕ್ಕಳಿಗೆ ಬರುತ್ತದಾ? ಜೀನ್ ಟೆಸ್ಟ್ ಮಾಡಿಸಬೇಕಾ? ಹುಡುಗನ ಮನೆಯವರಿಗೆ ಹೇಳಬೇಕಾ? ಹಂದಿ ಮಾಂಸ ಬಿಟ್ಟರೆ ಕಡಿಮೆ ಆಗುತ್ತದೆ ಅಂತಾರೆ, ನಿಜವಾ? ಅಪ್ಪನಿಗೆ ಮಳೆಗಾಲದಲ್ಲಿ ಜಾಸ್ತಿ. ಬೆರಳಿನ ಗಂಟು ಕೂಡ ನೋಯುತ್ತದೆ, ಅದು ವಾತ ಇರಬೇಕು.

ಉತ್ತರ: ಕೊನೆಯ ಸಾಲಿನಿಂದ ಶುರು ಮಾಡುತ್ತೇನೆ. ನೀವು ಅದನ್ನು ಸುಮ್ನೆ ಸೇರಿಸಿದ್ದೀರಿ. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅದೇ. ಮದುವೆ, ಮಕ್ಕಳು, ಜೀನ್ ಇವೆಲ್ಲದಕ್ಕೂ ಯೋಚಿಸಲು ಸಮಯವಿದೆ. ಬೆರಳಿನ ಗಂಟಿಗೆ ಅಷ್ಟು ಸಮಯವಿಲ್ಲ.

ಸೋರಿಯಾಸಿಸ್ ಇರುವವರಲ್ಲಿ ಶೇಕಡಾ 30ರವರೆಗೂ ಜನರಿಗೆ ಮುಂದೆ ಕೀಲಿನ ಉರಿಯೂತ ಬರುತ್ತದೆ. ಅದಕ್ಕೆ ಸೋರಿಯಾಟಿಕ್ ಆರ್ಥ್ರೈಟಿಸ್ ಎನ್ನುತ್ತಾರೆ. ಬಹಳಷ್ಟು ಜನರಲ್ಲಿ ಚರ್ಮದ ಕಲೆ ಬಂದು ಎಷ್ಟೋ ವರ್ಷಗಳ ಮೇಲೆ ಗಂಟು ಶುರುವಾಗುತ್ತದೆ. ಅಷ್ಟರಲ್ಲಿ ಚರ್ಮ ಅಭ್ಯಾಸವಾಗಿರುತ್ತದೆ, ಗಂಟನ್ನು ವಯಸ್ಸಿನ ಲೆಕ್ಕಕ್ಕೋ ಮಳೆಯ ಲೆಕ್ಕಕ್ಕೋ ಹಾಕಿ ಬಿಡುತ್ತೇವೆ. ಕೊಡಗಿನಲ್ಲಿ ಮಳೆ ಇದ್ದೇ ಇರುತ್ತದೆ, ಹಾಗಾಗಿ ಈ ಸಬೂಬು ಸುಲಭವಾಗಿ ಸಿಗುತ್ತದೆ.

ಅಪ್ಪನನ್ನು ಕೂರಿಸಿಕೊಂಡು ಇಷ್ಟು ಕೇಳಿ. ಬೆಳಗ್ಗೆ ಎದ್ದಾಗ ಬೆರಳು ಬಿಗಿಯಾಗಿರುತ್ತದಾ, ಅರ್ಧ ಗಂಟೆಗಿಂತ ಜಾಸ್ತಿ ಹೊತ್ತು ಹಿಡಿದಿರುತ್ತದಾ? ಕೆಲಸ ಮಾಡುತ್ತಾ ಹೋದ ಹಾಗೆ ಸಡಿಲವಾಗುತ್ತದಾ? ಒಂದು ಬೆರಳು ಪೂರ್ತಿಯಾಗಿ, ಬುಡದಿಂದ ತುದಿಯವರೆಗೆ, ಊದಿಕೊಂಡಿದೆಯಾ? ಹಿಮ್ಮಡಿ ನೋವಿದೆಯಾ? ಆಮೇಲೆ ಉಗುರು ನೋಡಿ. ಸೂಜಿಯಿಂದ ಚುಚ್ಚಿದ ಹಾಗೆ ಸಣ್ಣ ಗುಳಿ, ಎಣ್ಣೆ ಬಿದ್ದ ಹಾಗೆ ಹಳದಿ ಕಲೆ, ಉಗುರು ತುದಿಯಿಂದ ಎದ್ದು ನಿಂತಿರುವುದು, ಇವುಗಳಲ್ಲಿ ಒಂದಿದ್ದರೂ ಅನುಮಾನ ಗಟ್ಟಿಯಾಗುತ್ತದೆ. ತಲೆಯಲ್ಲಿ ಮತ್ತು ಉಗುರಿನಲ್ಲಿ ಸೋರಿಯಾಸಿಸ್ ಇರುವವರಿಗೆ ಕೀಲಿನ ತೊಂದರೆ ಬರುವುದು ಹೆಚ್ಚು. ರಕ್ತದಲ್ಲಿ ಆರ್‌ಎ ಫ್ಯಾಕ್ಟರ್ ಎಂಬ ಕೀಲುವಾತದ ಪರೀಕ್ಷೆ ನೆಗೆಟಿವ್ ಬಂದರೆ ಸಮಾಧಾನಪಡಬೇಡಿ. ಈ ಕಾಯಿಲೆಯಲ್ಲಿ ಅದು ಸಾಮಾನ್ಯವಾಗಿ ನೆಗೆಟಿವ್ ಇರುತ್ತದೆ. ಒಮ್ಮೆ ಸವೆದ ಗಂಟು ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ತೋರಿಸಿ. ಅಲ್ಲಿಂದ ಮೈಸೂರಿನ ಕೀಲು ತಜ್ಞರಿಗೆ ಬರೆದುಕೊಟ್ಟರೆ ಹೋಗಿ ಬನ್ನಿ, ಮಳೆ ಬಿಡಲಿ ಎಂದು ಕಾಯಬೇಡಿ.

ಈಗ ನಿಮ್ಮ ಪ್ರಶ್ನೆ. ಮಕ್ಕಳಿಗೆ ಬರಬಹುದು. ಬಾರದೇ ಇರುವ ಸಾಧ್ಯತೆಯೇ ತುಂಬಾ ಜಾಸ್ತಿ.

ಅಂಕಿಗಳನ್ನು ಕೊಡುತ್ತೇನೆ. ಇವು ಯುರೋಪಿನ ಕುಟುಂಬಗಳಿಂದ ಬಂದವು, ಬಹಳ ಕಾಲದಿಂದ ಬಳಕೆಯಲ್ಲಿವೆ. ಅಪ್ಪ ಅಮ್ಮ ಇಬ್ಬರಿಗೂ ಸೋರಿಯಾಸಿಸ್ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಶೇಕಡಾ 40ರ ಆಸುಪಾಸು. ಇಬ್ಬರಲ್ಲಿ ಒಬ್ಬರಿಗಿದ್ದರೆ 14. ಅಪ್ಪ ಅಮ್ಮನಿಗೆ ಇಲ್ಲದೆ ಒಡಹುಟ್ಟಿದವರಲ್ಲಿ ಒಬ್ಬರಿಗಿದ್ದರೆ 6. ಮನೆಯಲ್ಲಿ ಯಾರಿಗೂ ಇಲ್ಲದಿದ್ದರೆ 2. ನಿಮಗೂ ಇಲ್ಲ, ಹುಡುಗನಿಗೂ ಇಲ್ಲ. ಇರುವುದು ಮಗುವಿನ ಒಬ್ಬ ಅಜ್ಜನಿಗೆ, ಒಬ್ಬ ಅಜ್ಜಿಗೆ, ಒಬ್ಬ ಮಾವನಿಗೆ. ಹಾಗಾಗಿ ನಿಮ್ಮ ಮಗುವಿನ ಲೆಕ್ಕ ಆ 14ಕ್ಕಿಂತ ಕೆಳಗೆ, 2ಕ್ಕಿಂತ ಮೇಲೆ ಎಲ್ಲೋ ಬರುತ್ತದೆ. ಎರಡೂ ಕಡೆ ಇರುವುದರಿಂದ ಸ್ವಲ್ಪ ಮೇಲೆಯೇ ಇಟ್ಟುಕೊಳ್ಳಿ. ಹಾಗಿದ್ದರೂ ಹತ್ತು ಮಕ್ಕಳಲ್ಲಿ ಒಂಬತ್ತಕ್ಕೆ ಬಾರದ ಲೆಕ್ಕವೇ ಅದು.

ನಿಮ್ಮ ಸ್ವಂತ ಲೆಕ್ಕ ಬೇರೆ. ನೀವು ಅದನ್ನು ಕೇಳಿಲ್ಲ, ಆದರೆ ಮಗುವಿನದಕ್ಕಿಂತ ಅದೇ ದೊಡ್ಡದು. ಅಪ್ಪನಿಗೂ ಅಣ್ಣನಿಗೂ ಇದೆ. 1985ರಲ್ಲಿ ಜರ್ಮನಿಯ ಹೆನ್ಸೆಲರ್ ಮತ್ತು ಕ್ರಿಸ್ಟೊಫರ್ಸ್ ಎಂಬ ವೈದ್ಯರು ಈ ಕಾಯಿಲೆಯನ್ನು ಶುರುವಾಗುವ ವಯಸ್ಸಿನ ಮೇಲೆ ಎರಡು ಗುಂಪು ಮಾಡಿದರು. 40ರೊಳಗೆ ಬರುವುದು ಒಂದು, ಆಮೇಲೆ ಬರುವುದು ಇನ್ನೊಂದು. ಮೊದಲ ಗುಂಪಿನಲ್ಲಿ ಹೆಣ್ಣುಮಕ್ಕಳಿಗೆ 16ರ ಸುತ್ತ, ಗಂಡುಮಕ್ಕಳಿಗೆ 22ರ ಸುತ್ತ ಅತಿ ಹೆಚ್ಚು. ಮನೆತನದಲ್ಲಿ ಹರಿಯುವುದೂ ಈ ಮೊದಲ ಗುಂಪೇ. ನಿಮ್ಮ ಅಪ್ಪ, ಅಣ್ಣ ಇಬ್ಬರೂ ಇದಕ್ಕೆ ಸೇರಿದವರು. ನೀವು 26ರಲ್ಲಿದ್ದೀರಿ, ದಟ್ಟವಾದ ವಯಸ್ಸು ದಾಟಿದೆ. ಆದರೆ ಅಪ್ಪನಿಗೆ ಬಂದದ್ದೇ ಮೂವತ್ತರ ಮೇಲೆ ಅಲ್ವಾ? ಹಾಗಾಗಿ ಬಾಗಿಲು ಪೂರ್ತಿ ಮುಚ್ಚಿಲ್ಲ.

ಇಲ್ಲಿ ಸ್ವಲ್ಪ ಹಿಂದಿನ ಕತೆ ಹೇಳಬೇಕು. ಇದು ಮನೆತನದ ಕಾಯಿಲೆ ಎಂದು ಗಟ್ಟಿಯಾಗಿ ತೋರಿಸಿದವರಲ್ಲಿ ಒಬ್ಬರು ಡೆನ್ಮಾರ್ಕಿನ ವೈದ್ಯ ಗುನ್ನಾರ್ ಲೋಮ್‌ಹೋಲ್ಟ್. ಉತ್ತರ ಅಟ್ಲಾಂಟಿಕ್‌ನಲ್ಲಿ ಫೆರೋ ಎಂಬ ದ್ವೀಪಗಳಿವೆ. ಮಳೆ, ಮಂಜು, ಕಡಿಮೆ ಜನ, ಎಲ್ಲರಿಗೂ ಎಲ್ಲರ ಮನೆತನ ಗೊತ್ತು. ಆತ ಅಲ್ಲಿ ಸುಮಾರು 11 ಸಾವಿರ ಜನರ ಚರ್ಮ ಪರೀಕ್ಷಿಸಿದ. ಶೇಕಡಾ 2.8 ಜನರಿಗೆ ಸೋರಿಯಾಸಿಸ್ ಇತ್ತು. ಅವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಹತ್ತಿರದ ನೆಂಟರಲ್ಲಿ ಇನ್ನೊಬ್ಬರಿಗೆ ಇದ್ದೇ ಇತ್ತು. 1963ರಲ್ಲಿ ಅದು ಪುಸ್ತಕವಾಗಿ ಬಂತು. ಅಂಥ ಲೆಕ್ಕವನ್ನು ಕೊಡಗಿನಲ್ಲಿ ಯಾರಾದರೂ ಮಾಡಬೇಕು ಎಂದು ನನಗೆ ಬಹಳ ಆಸೆ. ಒಕ್ಕದ ಮೂಲ ಮನೆಯಾದ ಐನ್‌ಮನೆಯ ಹಿರಿಯರ ಬಾಯಲ್ಲಿ ನಾಲ್ಕೈದು ತಲೆಮಾರಿನ ನೆಂಟಸ್ತಿಕೆ ಸಿಗುವ ಜಾಗ ಎಷ್ಟಿವೆ ಹೇಳಿ?

ಹಾಗಾದರೆ ಇದು ಬರೀ ಜೀನ್ ಆಟವಾ? ಅಲ್ಲ. ಅದನ್ನು ತೋರಿಸಿಕೊಟ್ಟದ್ದು ಅವಳಿಗಳು. ತದ್ರೂಪಿ ಅವಳಿಗಳ ಜೀನ್ ಒಂದೇ. ಒಬ್ಬರಿಗೆ ಬಂದರೆ ಇನ್ನೊಬ್ಬರಿಗೂ ಬರಲೇಬೇಕಿತ್ತು. ಅಮೆರಿಕದಲ್ಲಿ ನೋಡಿದಾಗ ಇನ್ನೊಬ್ಬರಿಗೂ ಬಂದದ್ದು ಶೇಕಡಾ 70ರಷ್ಟು ಜೋಡಿಗಳಲ್ಲಿ, ಆಸ್ಟ್ರೇಲಿಯಾದಲ್ಲಿ 35ರಷ್ಟರಲ್ಲಿ ಮಾತ್ರ. ತದ್ರೂಪಿಗಳಲ್ಲದ ಅವಳಿಗಳಲ್ಲಿ ಇದು 12ರಿಂದ 23ರ ನಡುವೆ ನಿಂತಿತು. ಅಂದರೆ ಜೀನ್‌ಗೆ ದೊಡ್ಡ ಪಾಲು ಇದೆ, ಆದರೆ ಒಂದೇ ಜೀನ್‌ಗಳನ್ನು ಹೊತ್ತ ಇಬ್ಬರಲ್ಲಿ ಒಬ್ಬರು ಜೀವನಪೂರ್ತಿ ಕಲೆಯಿಲ್ಲದೆ ಇರಬಲ್ಲರು.

ನೀವು ಕಾಫಿ ಬೆಳೆಯುವವರು, ಇದು ನಿಮಗೆ ಬೇಗ ಅರ್ಥವಾಗುತ್ತದೆ. ರೋಬಸ್ಟಾ ಗಿಡದಲ್ಲಿ ಮೊಗ್ಗು ಕೂತಿರುತ್ತದೆ, ಹೂಮಳೆ ಬೀಳುವವರೆಗೆ ಅರಳುವುದಿಲ್ಲ. ಮೊಗ್ಗೇ ಇಲ್ಲದ ಗಿಡಕ್ಕೆ ಎಷ್ಟು ಮಳೆ ಬಿದ್ದರೂ ಹೂವಿಲ್ಲ. ಅಪ್ಪನಿಂದ ನಿಮಗೆ ಬಂದಿರಬಹುದಾದದ್ದು ಮೊಗ್ಗು. ಮಳೆ ಹೊರಗಿನದು.

ನಿಮ್ಮ ಅಣ್ಣನ ವಿಷಯದಲ್ಲಿ ಆ ಮಳೆ ಯಾವುದು ಎಂದು ನಮಗೆ ಗೊತ್ತಿದೆ. ಗಂಟಲು ನೋವು. ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಗಂಟಲು ಹಿಡಿದು, ಎರಡು ಮೂರು ವಾರದ ಮೇಲೆ ಮೈಮೇಲೆ ಹನಿ ಹನಿಯಾಗಿ ಕೆಂಪು ಚುಕ್ಕೆ ಏಳುವುದು ಗಟ್ಟೇಟ್ ಸೋರಿಯಾಸಿಸ್‌ನ ಪಕ್ಕಾ ಲಕ್ಷಣ. ಮಕ್ಕಳಲ್ಲಿ, ಹದಿಹರೆಯದವರಲ್ಲಿ ಜಾಸ್ತಿ. ಕೆಲವರಿಗೆ ತಾನಾಗಿ ಹೋಗುತ್ತದೆ, ಕೆಲವರಿಗೆ ಮುಂದೆ ಅಪ್ಪನಿಗಿರುವಂಥ ದಪ್ಪ ಕಲೆಯಾಗಿ ಉಳಿಯುತ್ತದೆ.

ಗಂಟಲಿಗೂ ಚರ್ಮಕ್ಕೂ ಏನು ಸಂಬಂಧ ಎಂದರೆ ಮತ್ತೆ ಜೀನ್‌ಗೇ ಬರಬೇಕು. ನಮ್ಮ ಕ್ರೋಮೋಸೋಮ್‌ಗಳು 23 ಜೊತೆ. ಅದರಲ್ಲಿ ಆರನೆಯದರ ಸಣ್ಣ ತೋಳಿನಲ್ಲಿ ಎಚ್‌ಎಲ್‌ಎ ಎಂಬ ಜೀನ್‌ಗಳ ಗುಂಪಿದೆ. ದೇಹದ ಹೆಚ್ಚುಕಡಿಮೆ ಪ್ರತಿ ಜೀವಕೋಶವೂ ತನ್ನೊಳಗೆ ಏನಿದೆ ಎಂಬುದರ ಚೂರುಗಳನ್ನು ಹೊರಗೆ ತೋರಿಸುತ್ತದೆ. ಆ ಚೂರನ್ನು ಹಿಡಿದು ತೋರಿಸುವ ಪ್ರೋಟೀನನ್ನು ಮಾಡುವುದು ಈ ಜೀನ್‌ಗಳು. ರಕ್ತದ ಟಿ ಕಣಗಳು ಬಂದು ನೋಡುತ್ತವೆ. ನಮ್ಮದೇ ಚೂರಾದರೆ ಮುಂದೆ ಹೋಗುತ್ತವೆ, ವೈರಸ್ಸಿನದಾದರೆ ದಾಳಿ ಮಾಡುತ್ತವೆ. ಎಚ್‌ಎಲ್‌ಎ-ಸಿ ಜೀನಿನ ಒಂದು ರೂಪ ಇದೆ, ಹೆಸರು ಎಚ್‌ಎಲ್‌ಎ-ಸಿ*06:02. ಇದಿರುವವರಲ್ಲಿ ಚರ್ಮದ ಸ್ವಂತ ಚೂರುಗಳನ್ನೇ ಟಿ ಕಣಗಳು ಪರಕೀಯ ಎಂದು ತಿಳಿಯುವುದು ಹೆಚ್ಚು. ಸ್ಟ್ರೆಪ್ಟೋಕಾಕಸ್‌ನ ಕೆಲವು ಪ್ರೋಟೀನ್ ನಮ್ಮ ಚರ್ಮದ ಕೆರಾಟಿನ್‌ನ ಚೂರನ್ನು ಹೋಲುತ್ತದೆ. ಟಾನ್ಸಿಲ್‌ನಲ್ಲಿ ಬ್ಯಾಕ್ಟೀರಿಯಾ ವಿರುದ್ಧ ತಯಾರಾದ ಟಿ ಕಣಗಳು ಚರ್ಮಕ್ಕೆ ಬಂದಾಗ ಎದುರಿಗೆ ಅದೇ ರೀತಿಯ ಚೂರು ಕಂಡು ಕೆರಳುತ್ತವೆ ಎಂಬುದು ಇವತ್ತಿನ ತಿಳಿವಳಿಕೆ. ಆಮೇಲೆ ಚರ್ಮ ಅವಸರಕ್ಕೆ ಬೀಳುತ್ತದೆ. ಸಾಮಾನ್ಯವಾಗಿ ಹೊಸ ಕೋಶ ಮೇಲೆ ಬಂದು ಉದುರಲು ಸುಮಾರು 28 ದಿನ ಬೇಕು. ಸೋರಿಯಾಸಿಸ್ ಕಲೆಯಲ್ಲಿ ಅದು ಮೂರರಿಂದ ಐದು ದಿನದಲ್ಲಿ ಮುಗಿಯುತ್ತದೆ. ಬೆಳ್ಳಿ ಬಣ್ಣದ ಹೊಟ್ಟು ಅದೇ.

ಈ ಒಂದು ಜೀನ್ ರೂಪಕ್ಕೆ ಕಾಯಿಲೆಯ ವಂಶದ ಪಾಲಿನಲ್ಲಿ ಮೂರನೇ ಒಂದರಿಂದ ಅರ್ಧದವರೆಗೆ ತೂಕ ಇದೆ. ಜರ್ಮನಿಯ ಆ 1985ರ ಅಧ್ಯಯನದಲ್ಲಿ ಚಿಕ್ಕ ವಯಸ್ಸಿನಲ್ಲಿ ಬಂದವರ ಪೈಕಿ ಶೇಕಡಾ 85ರಷ್ಟು ಜನರಲ್ಲಿ ಇದಿತ್ತು, ತಡವಾಗಿ ಬಂದವರಲ್ಲಿ 15ರಷ್ಟು ಮಾತ್ರ. ಇದನ್ನು ಓದಿದ ಕೂಡಲೇ 'ಹಾಗಾದರೆ ನನಗಿದೆಯಾ ನೋಡಿಬಿಡೋಣ' ಅನಿಸುತ್ತದೆ. ಸ್ವಲ್ಪ ತಡೆಯಿರಿ, ಲೆಕ್ಕ ಹಾಕೋಣ. ಅಪ್ಪನಲ್ಲಿ ಇದರ ಒಂದು ಪ್ರತಿ ಇದೆ ಎಂದುಕೊಳ್ಳಿ. ನಿಮಗೆ ಬಂದಿರುವುದು ಅರ್ಧ ಸಾಧ್ಯತೆ. ನಿಮ್ಮಿಂದ ಮಗುವಿಗೆ ಹೋಗುವುದು ಅದರಲ್ಲಿ ಅರ್ಧ, ಅಂದರೆ ನಾಲ್ಕರಲ್ಲಿ ಒಂದು. ಇನ್ನು ಈ ರೂಪ ಹೊತ್ತವರಲ್ಲಿ ಕಾಯಿಲೆ ಬರುವುದು ಹತ್ತರಲ್ಲಿ ಒಬ್ಬರಿಗೆ. ಮಿಕ್ಕ ಒಂಬತ್ತು ಜನ ಅದನ್ನು ಹೊತ್ತುಕೊಂಡೇ ಏನೂ ಆಗದೆ ಬದುಕುತ್ತಾರೆ. ಈ ದಾರಿಯೊಂದನ್ನೇ ನೋಡಿದರೆ ಅಪ್ಪನಿಂದ ಮೊಮ್ಮಗುವಿಗೆ ತಲುಪುವ ಹೊತ್ತಿಗೆ ಅಪಾಯ ನಲವತ್ತರಲ್ಲಿ ಒಂದಾಗಿರುತ್ತದೆ. ನಿಜವಾದ ಅಂಕಿ ಇದಕ್ಕಿಂತ ಸ್ವಲ್ಪ ಜಾಸ್ತಿ. ಯಾಕೆಂದರೆ ಬೇರೆ ಜೀನ್‌ಗಳೂ ಇವೆ, ನಿಮ್ಮ ಅತ್ತೆಯಾಗುವವರ ಕಡೆಯಿಂದಲೂ ಬರಬಹುದು.

ಅಂದ ಹಾಗೆ ಇದು ಕೆಟ್ಟ ಜೀನ್ ಅಲ್ಲ. ಎಚ್‌ಎಲ್‌ಎಯ ಇಂಥ ರೂಪಗಳು ಕೆಲವು ವೈರಸ್‌ಗಳನ್ನು ಹದ್ದಿನಲ್ಲಿಡಲು ನೆರವಾಗುತ್ತವೆ ಎಂಬ ಸೂಚನೆಗಳಿವೆ. ತುಂಬಾ ಚುರುಕಾದ ಕಾವಲು ಕೆಲವೊಮ್ಮೆ ಮನೆಯವರ ಮೇಲೇ ತಿರುಗುತ್ತದೆ, ಅಷ್ಟೇ.

ಬೇರೆ ಜೀನ್‌ಗಳು ಎಂದೆನಲ್ಲ, ಈಗ ಗೊತ್ತಿರುವ ಜಾಗಗಳು ನೂರು ದಾಟಿವೆ. ಎಲ್ಲದರ ಹೆಸರು ಹೇಳಿ ನಿಮ್ಮನ್ನು ಸುಸ್ತು ಮಾಡುವುದಿಲ್ಲ. ಒಂದೊಂದರ ಬಲ ತೀರಾ ಕಡಿಮೆ. ಎಲ್‌ಸಿಇ3ಬಿ ಮತ್ತು 3ಸಿ ಎಂಬ ಎರಡು ಜೀನ್‌ಗಳು ಅಳಿಸಿ ಹೋಗಿದ್ದರೆ ಅಪಾಯ ಸ್ವಲ್ಪ ಏರುತ್ತದೆ ಎಂದು 2009ರಲ್ಲಿ ಗೊತ್ತಾಯಿತು. ಇವು ಗಾಯವಾದ ಚರ್ಮವನ್ನು ಮತ್ತೆ ಕಟ್ಟುವ ಕೆಲಸದವು. ಇಆರ್‌ಎಪಿ1 ಎಂಬುದು ಎಚ್‌ಎಲ್‌ಎಗೆ ಕೊಡುವ ಚೂರುಗಳನ್ನು ಕತ್ತರಿಸಿ ಅಳತೆಗೆ ತರುವ ಜೀನ್. ಆದರೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಇನ್ನೊಂದು ಗುಂಪು. ಐಎಲ್23ಆರ್, ಐಎಲ್12ಬಿ, ಟಿವೈಕೆ2. ಇವೆಲ್ಲ ಒಂದೇ ಸಾಲಿನಲ್ಲಿ ನಿಲ್ಲುವ ಜೀನ್‌ಗಳು. ರಕ್ಷಣಾ ಕಣಗಳು ಒಂದಕ್ಕೊಂದು ಕಳಿಸುವ ಸಂದೇಶಗಳಲ್ಲಿ ಇಂಟರ್‌ಲ್ಯೂಕಿನ್ 23 ಮತ್ತು 17 ಎಂಬ ಎರಡಿವೆ, ಇವು ಆ ದಾರಿಗೆ ಸೇರಿದವು.

ಇವತ್ತು ದೊಡ್ಡ ಆಸ್ಪತ್ರೆಗಳಲ್ಲಿ ಕೊಡುವ ಬಯಾಲಜಿಕ್ ಇಂಜೆಕ್ಷನ್‌ಗಳು ತಡೆಯುವುದು ಸರಿಯಾಗಿ ಇದೇ ದಾರಿಯನ್ನು. ಸೆಕುಕಿನುಮಾಬ್ ಎಂಬ ಇಂಜೆಕ್ಷನ್ ಇಂಟರ್‌ಲ್ಯೂಕಿನ್ 17ನ್ನು ಹಿಡಿದು ನಿಲ್ಲಿಸುತ್ತದೆ, ಗುಸೆಲ್ಕುಮಾಬ್ ಎಂಬುದು 23ನ್ನು. ಟಿವೈಕೆ2ಗೆ ಮಾತ್ರೆಯೇ ಬಂದಿದೆ, 2022ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ನಮ್ಮ ಬೆಂಗಳೂರಿನ ಬಯೋಕಾನ್ 2013ರಲ್ಲಿ ಇಟೊಲಿಜುಮಾಬ್ ಎಂಬ ಔಷಧ ತಂದಾಗ ಅದು ಬೇರೆ ಕಡೆಯಿಂದ ಹೊರಟಿತ್ತು, ಟಿ ಕಣದ ಮೇಲಿನ ಸಿಡಿ6 ಎಂಬುದನ್ನು ಹಿಡಿಯುವ ಔಷಧ ಅದು. ಜೀನ್ ಹುಡುಕಾಟದಿಂದ ಸಾಮಾನ್ಯ ರೋಗಿಗೆ ಏನು ಸಿಕ್ಕಿತು ಎಂದು ಯಾರಾದರೂ ಕೇಳಿದರೆ ನಾನು ಭವಿಷ್ಯ ಹೇಳುವ ಟೆಸ್ಟನ್ನು ತೋರಿಸುವುದಿಲ್ಲ, ಈ ಔಷಧಿಗಳನ್ನು ತೋರಿಸುತ್ತೇನೆ. ಬೆಲೆ ಇನ್ನೂ ಜಾಸ್ತಿ, ಅದು ಬೇರೆ ಮಾತು. ಬಯಾಲಜಿಕ್ ಶುರು ಮಾಡುವ ಮೊದಲು ಕ್ಷಯರೋಗದ ಪರೀಕ್ಷೆ ಆಗಲೇಬೇಕು, ಅದನ್ನು ಮಾತ್ರ ನೆನಪಿಡಿ.

ಹಾಗಾಗಿ ಜೀನ್ ಟೆಸ್ಟ್ ಬೇಡ. ಎಂಜಲು ಕಳಿಸಿದರೆ ಅಪಾಯದ ಪಟ್ಟಿ ಕಳಿಸುವ ಕಂಪನಿಗಳಿವೆ. ಅದರಲ್ಲಿ 'ಸೋರಿಯಾಸಿಸ್: ಹೆಚ್ಚು ಅಪಾಯ' ಎಂದು ಬಂದರೆ ಏನು ಮಾಡುತ್ತೀರಿ? ಅಪ್ಪ ಅಣ್ಣನನ್ನು ನೋಡಿ ಅದು ನಿಮಗೆ ಆಗಲೇ ಗೊತ್ತಿತ್ತು. 'ಕಡಿಮೆ' ಎಂದು ಬಂದರೂ ಬಾರದು ಎಂಬ ಗ್ಯಾರಂಟಿ ಇಲ್ಲ. ಸಾಮಾನ್ಯ ಸೋರಿಯಾಸಿಸ್ ಗುರುತಿಸಲು ಜೀನ್ ಟೆಸ್ಟ್ ಬೇಕಿಲ್ಲ, ಕಣ್ಣಲ್ಲಿ ನೋಡಿದರೆ ಸಾಕು, ಅನುಮಾನವಿದ್ದರೆ ಚರ್ಮದ ಒಂದು ಚೂರು ತೆಗೆದು ಬಯಾಪ್ಸಿ. ಆ ದುಡ್ಡಿನಲ್ಲಿ ಅಪ್ಪನ ಗಂಟಿಗೆ ಎಕ್ಸ್‌ರೇ ಮತ್ತು ಅಲ್ಟ್ರಾಸೌಂಡ್ ಮಾಡಿಸಿ.

ಟೆಸ್ಟ್ ಬೇಕಾಗುವ ಮನೆಗಳೂ ಇವೆ, ಅವು ಬಹಳ ಕಡಿಮೆ. ಜ್ವರದೊಂದಿಗೆ ಮೈಯೆಲ್ಲ ಕೀವು ತುಂಬಿದಂಥ ಗುಳ್ಳೆ ಏಳುವ ಒಂದು ತೀವ್ರ ರೂಪವಿದೆ. ಅದರಲ್ಲಿ ಕೆಲವರಿಗೆ ಐಎಲ್36ಆರ್‌ಎನ್ ಎಂಬ ಒಂದೇ ಜೀನ್ ಕೆಟ್ಟಿರುತ್ತದೆ ಎಂದು 2011ರಲ್ಲಿ ಕಂಡುಕೊಂಡರು. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೂ ಕೆಟ್ಟ ಪ್ರತಿ ಬಂದರೆ ಕಾಯಿಲೆ ಸಹಜವಾಗಿ ತೀವ್ರ. ಸೋದರಮಾವನ ಮಗ, ಅತ್ತೆಯ ಮಗಳು ಎಂದು ನೆಂಟಸ್ತಿಕೆಯಲ್ಲಿ ಮದುವೆಯಾದಾಗ ಇಂಥದ್ದು ಜೋಡಿಯಾಗುವ ಸಾಧ್ಯತೆ ಏರುತ್ತದೆ. ಇನ್ನೊಂದು ಸಿಎಆರ್‌ಡಿ14, 2012ರಲ್ಲಿ ಸಿಕ್ಕಿದ್ದು, ಇದರ ಒಂದು ಪ್ರತಿ ಕೆಟ್ಟರೂ ಸಾಕು. ಹಾಲು ಕುಡಿಯುವ ವಯಸ್ಸಿನಲ್ಲೇ ತೀವ್ರವಾಗಿ ಶುರುವಾಗಿ, ಮೂರು ತಲೆಮಾರಿನಲ್ಲಿ ಸಾಲಾಗಿ ಇದ್ದರೆ ಇದನ್ನು ನೋಡಬೇಕು. ನಿಮ್ಮ ಮನೆಯ ಕತೆ ಎರಡಕ್ಕೂ ಹೊಂದುವುದಿಲ್ಲ. ನೀವೂ ಹುಡುಗನೂ ಹತ್ತಿರದ ನೆಂಟರಾ ಎಂದು ಬರೆದಿಲ್ಲ. ನೆಂಟರೇ ಆಗಿದ್ದರೂ ನಿಮ್ಮ ಮನೆಯಲ್ಲಿರುವ ಸಾಮಾನ್ಯ ಸೋರಿಯಾಸಿಸ್‌ಗೆ ಅದರಿಂದ ದೊಡ್ಡ ವ್ಯತ್ಯಾಸವಾಗದು.

ದೊಡ್ಡಮ್ಮನ ಮಾತಿಗೆ ಬರುತ್ತೇನೆ. 'ನಮ್ಮ ಒಕ್ಕದ ರಕ್ತ' ಎಂಬುದು ಅರ್ಧ ಸರಿ. ಒಕ್ಕ ಎಣಿಸುವುದು ಅಪ್ಪನ ಕಡೆಯಿಂದ. ಜೀನ್ ಹಾಗೆ ಎಣಿಸುವುದಿಲ್ಲ, ಅರ್ಧ ಅಮ್ಮನಿಂದ ಬರುತ್ತದೆ. ನಿಮ್ಮ ಅಪ್ಪನಿಗೆ ಅದು ಅವರ ತಾಯಿಯ ತವರಿನಿಂದ ಬಂದಿರಬಹುದು, ಆಗ ಅದು ನಿಮ್ಮ ಒಕ್ಕದ್ದೇ ಅಲ್ಲ! ಒಕ್ಕದ ಹೊರಗೆ ಮದುವೆಯಾದ ಮಾತ್ರಕ್ಕೆ ಇದು ನಿಲ್ಲುವುದೂ ಇಲ್ಲ, ನಿಮ್ಮ ಹುಡುಗನ ಮನೆಯೇ ಸಾಕ್ಷಿ. 2011ರ ಜನಗಣತಿಯಲ್ಲಿ ಕೊಡಗಿನ ಜನ 5.54 ಲಕ್ಷ. ಭಾರತದಲ್ಲಿ ಸೋರಿಯಾಸಿಸ್ ಶೇಕಡಾ 0.44ರಿಂದ 2.8 ಎಂದು ಬೇರೆ ಬೇರೆ ಅಂದಾಜುಗಳಿವೆ. ಅದನ್ನು ಇಲ್ಲಿಗೆ ಹಾಕಿದರೆ ಎರಡೂವರೆ ಸಾವಿರದಿಂದ ಹದಿನೈದು ಸಾವಿರ ಜನ. ತುಂಬು ತೋಳಿನ ಅಂಗಿಯೊಳಗೆ ಕಲೆ ಮುಚ್ಚಿಟ್ಟುಕೊಂಡ ಮನೆತನಗಳು ಎಷ್ಟಿವೆ ನೋಡಿ.

ಮುಂದಿನ ಪುತ್ತರಿ ಹಬ್ಬಕ್ಕೆ ಎಲ್ಲರೂ ಸೇರಿದಾಗ ಒಂದು ಕೆಲಸ ಮಾಡಿ. ಒಂದು ಹಾಳೆಯಲ್ಲಿ ಮೂರು ತಲೆಮಾರು ಬರೆಯಿರಿ, ಅಮ್ಮನ ಕಡೆಯೂ ಸೇರಿ. ಯಾರಿಗೆ ಕಲೆ, ಯಾವ ವಯಸ್ಸಿನಲ್ಲಿ, ಯಾರಿಗೆ ಗಂಟು ನೋವು, ಯಾರ ಉಗುರು ಕೆಟ್ಟಿತ್ತು. ಕೀಲಿನ ರೂಪ ಚರ್ಮದ ರೂಪಕ್ಕಿಂತಲೂ ಬಿಗಿಯಾಗಿ ಮನೆತನದಲ್ಲಿ ಹರಿಯುತ್ತದೆ. ಹಾಗಾಗಿ ಗಂಟಿನ ಮಾಹಿತಿ ನಿಮ್ಮ ಅಣ್ಣನಿಗೆ ಬಹಳ ಮುಖ್ಯ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದರೆ ಅದನ್ನೂ ಬರೆಯಿರಿ, ತೀವ್ರ ಸೋರಿಯಾಸಿಸ್ ಇರುವವರಿಗೆ ಅವೂ ಹೆಚ್ಚು. ಯಾವ ಕಂಪನಿಯ ಜೀನ್ ವರದಿಗಿಂತಲೂ ಆ ಹಾಳೆ ವೈದ್ಯರಿಗೆ ಜಾಸ್ತಿ ಹೇಳುತ್ತದೆ.

ಮಳೆಗಾಲದಲ್ಲಿ ಅಪ್ಪನಿಗೆ ಜಾಸ್ತಿ ಆಗುವುದಕ್ಕೆ ಕಾರಣ ಇದೆ. ಬಿಸಿಲಿನ ನೇರಳಾತೀತ ಕಿರಣ ಚರ್ಮದ ಉರಿಯೂತ ಇಳಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮಲ್ಲಿ ಸೂರ್ಯ ಕಾಣುವುದೇ ಅಪರೂಪ. ಆಸ್ಪತ್ರೆಯಲ್ಲಿ ಇದೇ ಬೆಳಕನ್ನು ಅಳತೆ ಮಾಡಿ ಕೊಡುವ ಚಿಕಿತ್ಸೆ ಇದೆ, ಆದರೆ ವಾರಕ್ಕೆ ಎರಡು ಮೂರು ಸಲ ಹೋಗಬೇಕು. ವಿರಾಜಪೇಟೆಯಿಂದ ಮೈಸೂರಿಗೆ ಹಾಗೆ ಓಡಾಡು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಹತ್ತಿರದಲ್ಲಿ ಸಿಗದಿದ್ದರೆ ಇಂಥ ಊರುಗಳವರಿಗೆ ಮಾತ್ರೆಯನ್ನು ಸ್ವಲ್ಪ ಬೇಗನೇ ಯೋಚಿಸುವುದು ಸರಿ ಎಂದು ನನ್ನ ಅಭಿಪ್ರಾಯ. ಇನ್ನೊಂದು ಕಾರಣ ಉಜ್ಜುವಿಕೆ. ಗಾಯವಾದ, ತರಚಿದ ಜಾಗದಲ್ಲೇ ಹೊಸ ಕಲೆ ಏಳುತ್ತದೆ ಎಂದು ಹೈನ್ರಿಶ್ ಕೋಬ್ನರ್ ಎಂಬ ವೈದ್ಯ 1872ರಲ್ಲೇ ಹೇಳಿದ್ದ. ಗಮ್‌ಬೂಟಿನ ಅಂಚು, ರೈನ್‌ಕೋಟಿನ ಕತ್ತು, ಜಿಗಣೆ ಕಚ್ಚಿ ಕೆರೆದ ಕಾಲು, ಎಲ್ಲವೂ ಇದಕ್ಕೆ ದಾರಿ. ಒಳಗೆ ಹತ್ತಿಯ ಉದ್ದ ಕಾಲುಚೀಲ ಹಾಕಿಸಿ. ಹಂಡೆಯ ಸುಡು ನೀರಿನ ಸ್ನಾನ ಅಪ್ಪನಿಗೆ ಹಿತ ಅನಿಸಬಹುದು, ಚರ್ಮ ಮಾತ್ರ ಇನ್ನೂ ಒಣಗುತ್ತದೆ. ಉಗುರುಬೆಚ್ಚಗೆ ಸಾಕು, ಮೈ ಒದ್ದೆಯಿರುವಾಗಲೇ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಲಿ. ಬಿಪಿ ಮಾತ್ರೆ ತಗೊಳ್ಳುತ್ತಿದ್ದರೆ ಚೀಟಿ ತೋರಿಸಿ. ಬೀಟಾ ಬ್ಲಾಕರ್ ಗುಂಪಿನ ಮಾತ್ರೆ, ಲಿಥಿಯಂ, ಮಲೇರಿಯಾದ ಕ್ಲೋರೋಕ್ವಿನ್ ಇವು ಕೆಲವರಲ್ಲಿ ಸೋರಿಯಾಸಿಸ್ ಕೆರಳಿಸುತ್ತವೆ. ನೀವಾಗಿ ನಿಲ್ಲಿಸಬೇಡಿ.

ಹಂದಿ ಮಾಂಸ ಬಿಟ್ಟರೆ ಸೋರಿಯಾಸಿಸ್ ಹೋಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಅದಕ್ಕೆ ಹಾಕುವ ಹುಳಿ ಕಾಚಂಪುಳಿಗೂ ಇಲ್ಲ. ತೂಕ ಜಾಸ್ತಿ ಇದ್ದರೆ ಇಳಿಸುವುದು ಖಂಡಿತ ಸಹಾಯ ಮಾಡುತ್ತದೆ, ಕೊಬ್ಬಿನ ತುಂಡು ಕಡಿಮೆ ಹಾಕಿಕೊಂಡರೆ ಆ ಲೆಕ್ಕಕ್ಕೆ ಒಳ್ಳೆಯದು. ಪಂದಿ ಕರಿಯ ಪಕ್ಕದಲ್ಲಿ ಇಡುವ ಗ್ಲಾಸಿನ ಬಗ್ಗೆ ಮಾತ್ರ ಯಾರೂ ನನ್ನನ್ನು ಕೇಳುವುದಿಲ್ಲ. ಕುಡಿತ ಮತ್ತು ಸಿಗರೇಟು ಇವೆರಡಕ್ಕೂ ಸೋರಿಯಾಸಿಸ್‌ಗೂ ಇರುವ ನಂಟು ಗಟ್ಟಿಯಾಗಿದೆ. ಅಪ್ಪ ಸೋರಿಯಾಸಿಸ್‌ಗೆ ಕೊಡುವ ಮೆಥೋಟ್ರೆಕ್ಸೇಟ್ ಮಾತ್ರೆಯಲ್ಲಿದ್ದರೆ ಕುಡಿತ ಲಿವರಿಗೂ ಏಟು. ಆ ಮಾತ್ರೆ ವಾರಕ್ಕೆ ಒಂದೇ ದಿನ, ಅಪ್ಪಿತಪ್ಪಿ ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಕಕ್ಕಡ ತಿಂಗಳ ಹದಿನೆಂಟನೇ ದಿನದ ಮದ್ದು ಸೊಪ್ಪಿನ ಪಾಯಸ ಹಬ್ಬದ ಊಟವಾಗಿ ತಿನ್ನಲಿ, ಮರುದಿನ ಮೂತ್ರ ಕೆಂಪಾದರೆ ಅದು ಸೊಪ್ಪಿನ ಬಣ್ಣ, ಗಾಬರಿ ಬೇಡ. ಆದರೆ ಅದನ್ನು ತಿಂದೆ ಎಂದು ಮಾತ್ರೆ ಬಿಡುವುದು ಬೇಡ.

ನಾನು ನಿಜವಾಗಿ ಹೆದರುವುದು ಬೇರೆ ಒಂದಕ್ಕೆ. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ, ಸ್ಟೀರಾಯ್ಡ್, ಫಂಗಸ್ ಔಷಧ, ಆಂಟಿಬಯೋಟಿಕ್ ಮೂರನ್ನೂ ಬೆರೆಸಿದ ಟ್ಯೂಬು. ಇನ್ನು 'ಒಂದೇ ಇಂಜೆಕ್ಷನ್‌ಗೆ ಗುಣ' ಎಂದು ಹಾಕುವ ಸ್ಟೀರಾಯ್ಡ್ ಸೂಜಿ. ಕಲೆ ವಾರದಲ್ಲಿ ಮಾಯವಾಗುತ್ತದೆ, ಪ್ರಭಾವ ಇಳಿದ ಮೇಲೆ ಎರಡರಷ್ಟಾಗಿ ಬರುತ್ತದೆ, ಕೆಲವೊಮ್ಮೆ ಕೀವಿನ ಗುಳ್ಳೆಯ ಆ ತೀವ್ರ ರೂಪದಲ್ಲೇ ಬರುತ್ತದೆ. ಚರ್ಮದ ಡಾಕ್ಟರು ಬರೆದುಕೊಟ್ಟ ಸ್ಟೀರಾಯ್ಡ್ ಮುಲಾಮು, ಹೇಳಿದಷ್ಟು ದಿನ, ಹೇಳಿದ ಜಾಗಕ್ಕೆ ಹಚ್ಚಿದರೆ ಒಳ್ಳೆಯ ಔಷಧಿಯೇ. ಅಣ್ಣ ಏನು ಹಚ್ಚುತ್ತಿದ್ದಾನೆ ಎಂದು ಒಮ್ಮೆ ಟ್ಯೂಬ್ ತಿರುಗಿಸಿ ಓದಿ.

ನಿಮ್ಮ ಮಟ್ಟಿಗೆ ಹೇಳುವುದಾದರೆ, ಈಗ ಏನೂ ಮಾಡಬೇಕಾಗಿಲ್ಲ. ಗಂಟಲು ನೋವು ಜ್ವರದೊಂದಿಗೆ ಜೋರಾಗಿ ಬಂದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ತೋರಿಸಿ, ಮನೆಯಲ್ಲಿ ಸೋರಿಯಾಸಿಸ್ ಇದೆ ಎಂದೂ ಹೇಳಿ. ಮುಂದೆ ಮಗುವಿಗೂ ಇದೇ ಮಾತು. ಸಣ್ಣ ಮಕ್ಕಳಿಗೆ ಕೆನ್ನೆ, ಮೊಣಕೈ ಮಡಚುವ ಜಾಗದಲ್ಲಿ ಕೆಂಪಾಗಿ ತುರಿಸಿದರೆ ಅದು ಹೆಚ್ಚಾಗಿ ಎಕ್ಸಿಮಾ, ಅದರ ಜೀನ್‌ಗಳ ಕತೆಯೇ ಬೇರೆ. ನೋಡಿದ ಕೂಡಲೇ ಅಜ್ಜನ ಕಾಯಿಲೆ ಬಂತು ಎಂದು ತೀರ್ಮಾನಿಸಬೇಡಿ. ಒಂದು ವೇಳೆ ನಿಮಗೇ ಕಲೆ ಬಂದರೆ, ಮಗು ಬೇಕೆಂಬ ಯೋಚನೆ ಇದೆ ಎಂದು ಡಾಕ್ಟರಿಗೆ ಮೊದಲೇ ಹೇಳಿ. ಮೆಥೋಟ್ರೆಕ್ಸೇಟ್ ಬಸುರಿನಲ್ಲಿ ಕೂಡದು. ಅಸಿಟ್ರೆಟಿನ್ ಎಂಬ ಇನ್ನೊಂದು ಸೋರಿಯಾಸಿಸ್ ಔಷಧವನ್ನು ನಿಲ್ಲಿಸಿದ ಮೇಲೂ ಮೂರು ವರ್ಷ ಬಸುರಾಗಬಾರದು.

ಹುಡುಗನ ಮನೆಯವರಿಗೆ ಹೇಳಿ. ಇದು ಅಂಟುವುದಿಲ್ಲ, ಮದುವೆಗೆ ಅಡ್ಡಿಯೂ ಅಲ್ಲ. ಬಚ್ಚಿಟ್ಟು ಆಮೇಲೆ ಗೊತ್ತಾದರೆ ಕಾಯಿಲೆಗಿಂತ ಬಚ್ಚಿಟ್ಟದ್ದೇ ಜಗಳವಾಗುತ್ತದೆ. ನಿಮ್ಮ ವಿಷಯದಲ್ಲಂತೂ ಮಾತು ಸುಲಭ, ಅತ್ತೆಯಾಗುವವರಿಗೇ ಇದೆಯಲ್ಲ. ಮೊದಲು ಅವರ ಹತ್ತಿರವೇ ಮಾತಾಡಿ. ಅವರಿಗೆ ಯಾವ ವಯಸ್ಸಿನಲ್ಲಿ ಬಂತು, ಏನು ಹಚ್ಚುತ್ತಾರೆ, ಬೆಳಗ್ಗೆ ಕೈ ಬಿಗಿಯುತ್ತದಾ ಎಂದು ಕೇಳಿ, ಉಗುರನ್ನೂ ನೋಡಿ. ಬಿಗಿಯುತ್ತದೆ ಎಂದರೆ ಅಪ್ಪನ ಜೊತೆ ಅವರನ್ನೂ ಮಡಿಕೇರಿಗೆ ಕರೆದುಕೊಂಡು ಹೋಗಿ.